ವಿಮಾನ ತಡವಾದವನೇ ಕಲಾರಸಿಕ

ಈ ಕಾಲದಲ್ಲಿ ಕಲೆಗೆ ಆಶ್ರಯ ಕೊಡುವವರು ಯಾರು ಎಂದು ಯಾರಾದರೂ ಕೇಳಿದರೆ ನಾನು ಅಕಾಡೆಮಿಯ ಹೆಸರು ಹೇಳುವುದಿಲ್ಲ, ಮಠದ ಹೆಸರು ಹೇಳುವುದಿಲ್ಲ, ದೊಡ್ಡ ಕಂಪನಿಗಳ ಹೆಸರನ್ನಂತೂ ಎತ್ತುವುದೇ ಇಲ್ಲ. ದೇವನಹಳ್ಳಿಯ ಮಂಜು ಎನ್ನುತ್ತೇನೆ. ಮಂಜುನಾಥನೋ ಮಂಜೇಗೌಡನೋ ಅಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಚಕ್ಕೋತದ ತೋಟಗಳ ಮೇಲಿಳಿದು ಹಾಗೇ ಮುಂದುವರಿದು ರನ್‌ವೇ ಮೇಲೆ ಮಲಗಿಬಿಡುತ್ತದಲ್ಲ, ಆ ಮಂಜು.

ಅದು ಮಲಗಿತೆಂದರೆ ವಿಮಾನಗಳೂ ಮಲಗಿದವು. ವಿಮಾನ ಮಲಗಿದ ಮೇಲೆ ಪ್ರಯಾಣಿಕ ಎದ್ದು ಓಡಾಡಲೇಬೇಕು. ಮೊದಲು ಫೋನು ನೋಡುತ್ತಾನೆ. ಫೋನಿನ ಚಾರ್ಜು ಇಳಿಯುತ್ತದೆ. ಪ್ಲಗ್ಗು ಹುಡುಕುತ್ತಾನೆ, ಅಲ್ಲಿ ಆಗಲೇ ಒಬ್ಬ ಕಾಲು ಚಾಚಿಕೊಂಡು ಕೂತಿರುತ್ತಾನೆ, ಅವನ ವಿಮಾನ ಇವನದಕ್ಕಿಂತ ತಡ. ಕಾಫಿ ಕುಡಿಯೋಣ ಎಂದು ಹೋಗುತ್ತಾನೆ, ಬೆಲೆಯ ಫಲಕವನ್ನು ಓದಿ ಗೌರವದಿಂದ ಹಿಂದಕ್ಕೆ ಬರುತ್ತಾನೆ. ಇನ್ನು ಉಳಿದದ್ದು ಗೋಡೆಯೊಂದೇ. ಹಾಗೆ ಬೇರೆ ಗತಿಯಿಲ್ಲದೆ ಗೋಡೆಯ ಕಡೆ ತಿರುಗಿದವನ ಕಣ್ಣಿಗೆ ಬಿದರಿ ಬೀಳುತ್ತದೆ, ಕಾವಿ ಚಿತ್ರ ಬೀಳುತ್ತದೆ, ತೊಗಲುಗೊಂಬೆ ಬೀಳುತ್ತದೆ. ಅರ್ಧ ಗಂಟೆಯಲ್ಲಿ ಒಬ್ಬ ಕಲಾರಸಿಕ ತಯಾರು.

ಮಂಜಿಗೆ ಕೈಜೋಡಿಸಿರುವುದು ಬೆಂಗಳೂರಿನ ಟ್ರಾಫಿಕ್ಕು. ಬನಶಂಕರಿಯವನು ದೆಹಲಿಯ ವಿಮಾನ ಹಿಡಿಯಬೇಕಾದರೆ ದೆಹಲಿಯ ಚಿಂತೆ ಮಾಡುವುದಿಲ್ಲ, ಹೆಬ್ಬಾಳದ ಚಿಂತೆ ಮಾಡುತ್ತಾನೆ. ಹೆಬ್ಬಾಳಕ್ಕೆ ಹೆದರಿ ರಾತ್ರಿ ಮೂರಕ್ಕೇ ಹೊರಡುತ್ತಾನೆ. ಅಂದೇ ರಸ್ತೆ ಖಾಲಿ ಹೊಡೆಯುತ್ತಿರುತ್ತದೆ! ನಾಲ್ಕಕ್ಕೆ ಮುಟ್ಟುತ್ತಾನೆ, ವಿಮಾನ ಎಂಟಕ್ಕೆ. ನಾಲ್ಕು ಗಂಟೆ ಹೊತ್ತು ಆ ಮನುಷ್ಯ ಮಾಡುವುದಾದರೂ ಏನು? ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ಮುಂದೆ ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತಾ ಒಂದು ದಿನವೂ ಒಳಗೆ ಕಾಲಿಡದವನು, ಚಿತ್ರಸಂತೆಯ ದಿನ ಚಿತ್ರಕಲಾ ಪರಿಷತ್ತಿನ ಹತ್ತಿರ ದಟ್ಟಣೆ ಎಂದು ಶೇಷಾದ್ರಿಪುರದ ಕಡೆಯಿಂದ ಬಳಸಿಕೊಂಡು ಹೋಗುವವನು, ಇಲ್ಲಿ ಕೈ ಹಿಂದೆ ಕಟ್ಟಿ, ತಲೆ ಸ್ವಲ್ಪ ಓರೆ ಮಾಡಿ, ಚಿತ್ರದ ಮುಂದೆ ನಿಂತಿರುತ್ತಾನೆ. ತಲೆ ಓರೆ ಮಾಡುವುದು ಮುಖ್ಯ. ಚಿತ್ರ ಅರ್ಥವಾಗಿದೆ ಎಂದು ಪಕ್ಕದವನಿಗೆ ತಿಳಿಯುವುದು ಅದರಿಂದಲೇ.

ಈಗ ವಿಷಯಕ್ಕೆ ಬರೋಣ. ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲು 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. ತೋಟದೊಳಗೊಂದು ಟರ್ಮಿನಲ್ಲು ಅಂತ ಅದರ ಕಲ್ಪನೆ: ಮಾಡಿಗೆಲ್ಲ ಬಿದಿರು, ಮೇಲಿಂದ ತೂಗುವ ಬಳ್ಳಿಗಳು, ನೀರು, ಗಿಡ. ನಕ್ಷೆ ಅಮೆರಿಕದ ಎಸ್‌ಒಎಂ ಕಂಪನಿಯದು. ಒಳಾಂಗಣಕ್ಕೆ 2023ರಲ್ಲಿ ಪ್ರಿ ವರ್ಸೇಲ್ ಎಂಬ ಜಾಗತಿಕ ಪ್ರಶಸ್ತಿಯೂ ಬಂತು. ನನ್ನ ಪರಿಚಯದವರೊಬ್ಬರು ಒಳಗೆ ಹೋಗಿ ಸುತ್ತ ನೋಡಿ, "ಲಾಲ್‌ಬಾಗಿಗೆ ಎಸಿ ಹಾಕಿಸಿದ್ದಾರೆ ಕಣ್ರೀ" ಎಂದರು. ಪ್ರಶಸ್ತಿಯ ತೀರ್ಪುಗಾರರು ಇಷ್ಟು ಚಿಕ್ಕದಾಗಿ ಹೇಳಿರಲಾರರು.

ಅಲ್ಲಿನ ಕಲಾಕೃತಿಗಳಿಗೆಲ್ಲ ನೌರಸ ಎಂಬ ಒಂದೇ ಎಳೆ. ಒಂದು ಕಡೆ ಭರತನ ನಾಟ್ಯಶಾಸ್ತ್ರದ ರಸಗಳು, ಇನ್ನೊಂದು ಕಡೆ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಹಾಡಿನ ಪುಸ್ತಕ ಕಿತಾಬ್-ಎ-ನೌರಸ್. ಈ ಇಬ್ರಾಹಿಂ ಇದ್ದಾನಲ್ಲ, ಅವನ ವಿಷಯ ಬಂದರೆ ನನಗೆ ಬಾಯಿ ನಿಲ್ಲುವುದಿಲ್ಲ, ಕ್ಷಮಿಸಬೇಕು. 1580ರಿಂದ 1627ರವರೆಗೆ ಆಳಿದ ಸುಲ್ತಾನ. ದಖನಿಯಲ್ಲಿ ಹಾಡು ಕಟ್ಟಿದ, ಹಾಡಿನಲ್ಲಿ ಸರಸ್ವತಿಯನ್ನು ನೆನೆದ, ಜನರಿಂದ ಜಗದ್ಗುರು ಅನ್ನಿಸಿಕೊಂಡ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಆನೆಯ ಹೆಸರು ಆತಶ್‌ಖಾನ್. ಅಷ್ಟಕ್ಕೇ ಬಿಡದೆ ಬಿಜಾಪುರದ ಪಕ್ಕದಲ್ಲೇ ನೌರಸಪುರ ಅಂತ ಒಂದು ಪಟ್ಟಣವನ್ನೇ ಕಟ್ಟಿಸಲು ಹೊರಟ. ಅದು ಪೂರ್ತಿಯಾಗುವ ಮೊದಲೇ, 1624ರಲ್ಲಿ, ಮಲಿಕ್ ಅಂಬರನ ದಂಡು ಬಂದು ಹಾಳುಮಾಡಿ ಹೋಯಿತು. ಪಾಪ, ತಮ್ಮ ಊರಲ್ಲಿ ನೆಲೆ ಸಿಗದ ರಸಗಳಿಗೆ ಕೊನೆಗೆ ದೇವನಹಳ್ಳಿಯಲ್ಲಿ ಎರಡೂವರೆ ಲಕ್ಷ ಚದರ ಮೀಟರು ಸಿಕ್ಕಿತು. ಅವನ ಊರಿನವರೋ, ತಮ್ಮ ಊರಿಗೊಂದು ವಿಮಾನ ನಿಲ್ದಾಣ ಬೇಕೆಂದು ಕಾದದ್ದೇ ಕಾದದ್ದು.

ಆದರೂ ಒಂದು ಮಾತು. ವಿಮಾನ ನಿಲ್ದಾಣದಲ್ಲಿ ರಸಗಳನ್ನು ಗೋಡೆಗೆ ಹಚ್ಚಿ ತೋರಿಸಬೇಕೇ? ನೆಲದ ಮೇಲೇ ಓಡಾಡುತ್ತಿಲ್ಲವೇ? ತೂಕದ ಯಂತ್ರದ ಮೇಲೆ ಸೂಟ್‌ಕೇಸು ಇಟ್ಟು ಅಂಕಿ ಏರುವುದನ್ನು ನೋಡುವವನ ಮುಖ ನೋಡಿ, ಭಯಾನಕಕ್ಕೆ ಬೇರೆ ಪಾತ್ರಧಾರಿ ಬೇಕಿಲ್ಲ. ಗೇಟು ಬದಲಾಗಿದೆ, ಆ ತುದಿಗೆ ಹೋಗಿ ಎಂದಾಗ ರೌದ್ರ. ನಿಮ್ಮ ಸಾಲಿನ ಸಂಖ್ಯೆ ಇನ್ನೂ ಕರೆದಿಲ್ಲ, ಕೂತಿರಿ ಎಂದರೂ ಕೇಳದೆ ಮುನ್ನುಗ್ಗಿ ನಿಲ್ಲುವ ಮಾವಯ್ಯನದು ವೀರ. ಭರತ ಹೇಳಿದ್ದು ಎಂಟೇ ರಸ, ಒಂಬತ್ತನೆಯ ಶಾಂತ ಆಮೇಲೆ ಸೇರಿದ್ದು ಎಂದು ಬಲ್ಲವರು ಹೇಳುತ್ತಾರೆ. ಇಲ್ಲೂ ಹಾಗೆಯೇ. ಶಾಂತರಸ ಬರುವುದು ಇಳಿದ ಊರಿನಲ್ಲಿ, ಬೆಲ್ಟಿನ ಮೇಲೆ ನಮ್ಮ ಪೆಟ್ಟಿಗೆ ಕಾಣಿಸಿದ ಮೇಲೆ.

ತೊಗಲುಗೊಂಬೆಯ ಮುಂದೆ ಒಂದು ದಂಪತಿ ನಿಂತಿದ್ದರು. ತುಮಕೂರಿನ ಕಡೆಯವರು ಎಂದು ಮಾತಿನಲ್ಲೇ ಗೊತ್ತಾಗುತ್ತಿತ್ತು.

"ರೀ, ಇದು ಆಂಜನೇಯ ಅಲ್ವಾ?"

"ಯಾವುದು?"

"ಇದೇ ರೀ. ಬಾಲ ಇದೆ ನೋಡಿ."

"ಬಾಲ ಇದ್ದರೆ ಆಂಜನೇಯನೇ ಆಗಬೇಕಾ? ವಾಲಿ ಇರಬೋದು."

"ಕೆಳಗೆ ಬರೆದಿದ್ದಾರೆ, ಓದಿ ಹೇಳಬಾರದಾ?"

"ಕನ್ನಡಕ ದೊಡ್ಡ ಬ್ಯಾಗಲ್ಲಿದೆ. ಬ್ಯಾಗು ಆಗಲೇ ವಿಮಾನಕ್ಕೆ ಹೋಯ್ತು."

ಸರಿ, ಇಬ್ಬರೂ ಕೈಮುಗಿದರು. ಯಾವುದಕ್ಕೂ ಇರಲಿ ಅಂತ. ವಾಲಿಗೆ ನಮಸ್ಕಾರ ಸಂದಿತೋ ಹನುಮನಿಗೆ ಸಂದಿತೋ, ಅಂತೂ ಆ ಗೊಂಬೆ ಮಾಡಿದವನಿಗೆ ಯಾವ ವಿಮರ್ಶಕನೂ ಇಷ್ಟು ದೊಡ್ಡ ಮರ್ಯಾದೆ ಮಾಡಿರಲಾರ.

ಅಲ್ಲ, ತೊಗಲುಗೊಂಬೆ ಅಂದರೆ ಸಾಮಾನ್ಯವೇ? ಮೇಕೆಯ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಬಣ್ಣ ಹಾಕಿ, ಆಭರಣದ ಜಾಗದಲ್ಲೆಲ್ಲ ಸಣ್ಣ ಸಣ್ಣ ತೂತು ಕೊರೆದು, ಬಿಳೀ ಪರದೆಗೆ ಒತ್ತಿ ಹಿಡಿದು ಹಿಂದಿನಿಂದ ದೀಪ ತೋರಿಸಿದರೆ ಆಗ ಅದಕ್ಕೆ ಜೀವ. ರಾತ್ರಿ ಶುರುವಾದ ಆಟ ಕೋಳಿ ಕೂಗುವತನಕ. ಅಂಥದ್ದನ್ನು ಚೌಕಟ್ಟಿನಲ್ಲಿಟ್ಟು, ತಳ್ಳುಗಾಡಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಓಡುವವರಿಗೆ ತೋರಿಸಿದರೆ ಎಷ್ಟು ಹೊತ್ತು ನೋಡಿಯಾರು? ನನಗೆ ಇನ್ನೊಂದು ಅನುಮಾನ. ಆಟದಲ್ಲಿ ರಾಮ, ರಾವಣರಿಗಿಂತ ಜನ ಕಾಯುವುದು ಹಾಸ್ಯದ ಜೋಡಿ ಕಿಳ್ಳೇಕ್ಯಾತನಿಗೂ ಬಂಗಾರಕ್ಕನಿಗೂ. ಅವರ ಬಾಯಿಗೆ ಬೀಗವಿಲ್ಲ. ಊರಗೌಡನನ್ನೂ ಬಿಡುವವರಲ್ಲ, ಶಾನುಭೋಗನನ್ನೂ ಬಿಡುವವರಲ್ಲ. ಟರ್ಮಿನಲ್ಲಿನಲ್ಲಿ ಕಿಳ್ಳೇಕ್ಯಾತನ ಕೈಗೆ ಐದು ನಿಮಿಷ ಮೈಕು ಕೊಟ್ಟು ನೋಡಿ. ಎರಡು ಇಡ್ಲಿಗೆ ಎಷ್ಟು, ಒಂದು ಬಾಟಲಿ ನೀರಿಗೆ ಎಷ್ಟು, ಸೀಟಿನ ಕೆಳಗೆ ಕಾಲಿಡಲು ಎಷ್ಟು ಎಂದು ಶುರುಮಾಡಿದನೆಂದರೆ ವಿಮಾನ ಬಿಟ್ಟರೂ ಸರಿ ಆಟ ಬಿಡಲೊಲ್ಲೆ ಅಂತ ಜನ ಕೂತುಬಿಡುತ್ತಾರೆ. ಅದಕ್ಕೇ ಇರಬೇಕು, ಗೊಂಬೆಯನ್ನು ಗೋಡೆಗೆ ಹಾಕುತ್ತಾರೆ, ಬಾಯಿಯನ್ನು ಊರಲ್ಲೇ ಬಿಟ್ಟುಬರುತ್ತಾರೆ.

ಬಿದರಿಯ ಭಾಗ್ಯ ಇದಕ್ಕಿಂತ ವಾಸಿ, ಅದಕ್ಕೆ ಬಾಯಿಯೂ ಇಲ್ಲ, ದೀಪವೂ ಬೇಕಿಲ್ಲ. ಆದರೆ ಅದರ ಕಥೆ ಕೇಳಿದರೆ ಮಾತ್ರ ಗಾಜಿಗೆ ಮೂಗು ತಾಗಿಸಿ ನೋಡಬೇಕು ಅನ್ನಿಸುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಮಾಡಿ ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಕಪ್ಪು ಮೈಮೇಲೆ ಚೂಪು ಕಡ್ಡಿಯಿಂದ ಬಳ್ಳಿ, ಹೂವು ಗೀರಿ, ಉಳಿಯಿಂದ ಸಣ್ಣ ಗೀರು ತೋಡಿ, ಬೆಳ್ಳಿಯ ತಂತಿಯನ್ನು ಕೂರಿಸಿ ಸುತ್ತಿಗೆಯಿಂದ ತಟ್ಟುತ್ತಾರೆ. ಆಮೇಲೆ ಮತ್ತೆ ಉಜ್ಜಿದರೆ ಎಲ್ಲವೂ ಬೆಳ್ಳಗೆ, ಬೆಳ್ಳಿಯಾವುದು ಸತುವ್ಯಾವುದು ತಿಳಿಯುವುದಿಲ್ಲ. ಆಟ ಇರುವುದು ಕೊನೆಗೆ. ಬೀದರ ಕೋಟೆಯ ಹಳೆಯ ಕಟ್ಟಡಗಳ ಮಗ್ಗುಲಲ್ಲಿ ಬಿಸಿಲು ಮಳೆ ತಾಗದ ಮಣ್ಣನ್ನು ತಂದು, ನವಸಾಗರದ ಜೊತೆ ನೀರಲ್ಲಿ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಹಚ್ಚಿ ತಿಕ್ಕಿದರೆ ಸತು ಕಾಡಿಗೆಗಪ್ಪು, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ! ಮಣ್ಣು ಸರಿಯಾದದ್ದೋ ಅಲ್ಲವೋ ಎಂದು ಕುಶಲಿಗರು ನಾಲಗೆಗೆ ಹಚ್ಚಿ ನೋಡುತ್ತಾರೆ. ಬಹಮನಿ ಸುಲ್ತಾನರ ಕಾಲದ ವಿದ್ಯೆ ಇದು. ಕೋಟೆ ಕಾಯಲು ಹೋದ ಸುಲ್ತಾನರು ಹೋದರು, ಕೋಟೆಯ ಮಣ್ಣು ನೆಕ್ಕಿದವರು ಉಳಿದರು.

ಇಷ್ಟೆಲ್ಲ ಆಗಿ ಬಂದ ಹೂದಾನಿಯ ಮುಂದೆ ಒಬ್ಬ ಹುಡುಗ ನಿಂತ. ನಿಂತನಲ್ಲ ಎಂದು ನಾನು ಹಿಗ್ಗಿದೆ. ಅವನು ಆ ಗಾಜಿನಲ್ಲಿ ತನ್ನ ಕ್ರಾಪು ಸರಿಮಾಡಿಕೊಂಡು ಹೋದ.

ಹುಡುಗನನ್ನೇಕೆ ಬೈಯಬೇಕು, ಹಿತ್ತಲ ಗಿಡ ಮದ್ದಲ್ಲ. ಮೈಸೂರಿಗೆ ಹೋಗುವಾಗ ರಾಮನಗರದ ಹತ್ತಿರ ಜಾನಪದ ಲೋಕ ಇದೆ, ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ಸುತ್ತಿ ಕೂಡಿಸಿದ್ದು. ಮುಂದೆ ಚನ್ನಪಟ್ಟಣ, ರಸ್ತೆ ಬದಿಯ ಬೊಂಬೆ ಅಂಗಡಿಗಳು. ಮೊದಲಾದರೆ ಕಾರಿನಲ್ಲಿ ಮಗು ಅತ್ತಿತೆಂದಾದರೂ ನಿಲ್ಲಿಸುತ್ತಿದ್ದೆವು. 2023ರಲ್ಲಿ ಹೊಸ ಹೆದ್ದಾರಿ ಬಂತು. ರಾಮನಗರವನ್ನೂ ಚನ್ನಪಟ್ಟಣವನ್ನೂ ಪಕ್ಕಕ್ಕೆ ಸರಿಸಿ ಸೊಯ್ಯೆಂದು ಹೋಗುತ್ತೇವೆ. ಆಲೆಮರದ ಆ ಬೊಂಬೆ, ಅರಗಿನ ಆ ಬಣ್ಣ ಈಗ ನಮಗೆ ಕಾಣಬೇಕಾದರೆ ವಿಮಾನದ ಟಿಕೇಟು ತೆಗೆಯಬೇಕು. ಅರವತ್ತು ಕಿಲೋಮೀಟರು ದೂರದ ಬುಗುರಿಯನ್ನು ನೋಡಲು ದುಬೈಗೆ ಹೊರಡಬೇಕು!

ಬ್ಯಾಂಕಾಕಿಗೆ ಹೋಗಿಬಂದವರು ತೋರಿಸುವ ಫೋಟೋಗಳಲ್ಲಿ ಒಂದು ಖಾಯಂ. ಸುವರ್ಣಭೂಮಿ ನಿಲ್ದಾಣದ ಸಮುದ್ರಮಥನ. ಮೇಲೆ ವಿಷ್ಣು, ಕೆಳಗೆ ಕೂರ್ಮ, ನಡುವೆ ಉದ್ದಕ್ಕೆ ವಾಸುಕಿ, ಒಂದು ಕಡೆ ದೇವತೆಗಳು ಒಂದು ಕಡೆ ಅಸುರರು ಜಗ್ಗುತ್ತಿದ್ದಾರೆ. ಅದರ ಮುಂದೆ ನಮ್ಮವರು, ಕೈಯಲ್ಲಿ ಡ್ಯೂಟಿ ಫ್ರೀ ಚೀಲ. "ನೋಡಿ, ನಮ್ಮ ಪುರಾಣಾನ ಅಲ್ಲಿ ಎಷ್ಟು ಚೆನ್ನಾಗಿ ಇಟ್ಟಿದ್ದಾರೆ!" ಹಳೇಬೀಡಿನ ಗೋಡೆಯ ಮೇಲೂ ಇದೆ ಸ್ವಾಮಿ, ಹನ್ನೆರಡನೇ ಶತಮಾನದಿಂದ ಕಡೆಯುತ್ತಲೇ ಇದ್ದಾರೆ ಎಂದರೆ, "ಹೌದಾ? ಹಳೇಬೀಡಿಗೆ ಸ್ಕೂಲಿನಲ್ಲಿದ್ದಾಗ ಟೂರ್ ಹೋಗಿದ್ವಿ, ಅಲ್ಲಿ ಪಲಾವು ಕೊಟ್ಟಿದ್ದರು" ಎಂಬ ಉತ್ತರ. ಪಲಾವು ನೆನಪಿದೆ, ಮಂದರ ಪರ್ವತ ನೆನಪಿಲ್ಲ.

ಅದೇ ನಿಲ್ದಾಣದಲ್ಲಿ ಹನ್ನೆರಡು ಮಂದಿ ಯಕ್ಷರು ಕಾವಲು ನಿಂತಿದ್ದಾರೆ, ಕೋರೆಹಲ್ಲು, ಕೈಯಲ್ಲಿ ಗದೆ. ಅವರಲ್ಲೊಬ್ಬ ಸಾಕ್ಷಾತ್ ರಾವಣ. ಥಾಯ್ ರಾಮಾಯಣದಲ್ಲಿ ಅವನಿಗೆ ತೋಸಕನ್ ಎಂದು ಹೆಸರು, ಮೈಬಣ್ಣ ಹಸಿರು. ಮೊದಲು ನನಗೆ ಇದು ಸರಿಕಾಣಲಿಲ್ಲ. ಯೋಚಿಸಿದರೆ, ವಿಮಾನ ನಿಲ್ದಾಣದಲ್ಲಿ ನಿಲ್ಲುವ ಯೋಗ್ಯತೆ ಅವನಿಗಿಂತ ಯಾರಿಗಿದೆ? ಮೂರು ಲೋಕಕ್ಕೆ ಸ್ವಂತ ವಿಮಾನವಿದ್ದವನು. ಅದು ಅಣ್ಣ ಕುಬೇರನಿಂದ ಕಿತ್ತುಕೊಂಡದ್ದು ನಿಜ, ಆದರೆ ಅದು ಒಂದು ದಿನವೂ ತಡವಾಗಿ ಹೊರಟದ್ದು ರಾಮಾಯಣದಲ್ಲಿಲ್ಲ.

ಮುಂಬೈಯದು ಇನ್ನೊಂದು ವರಸೆ. ಅಲ್ಲಿನ ಎರಡನೇ ಟರ್ಮಿನಲ್ಲಿನಲ್ಲಿ 2014ರಿಂದ 'ಜಯ ಹೇ' ಇದೆ. ಮೂರು ಕಿಲೋಮೀಟರು ಉದ್ದ, ಐದು ಸಾವಿರಕ್ಕೂ ಮೇಲ್ಪಟ್ಟು ವಸ್ತುಗಳು, ರಾಜೀವ್ ಸೇಠಿಯವರು ಆರಿಸಿ ಜೋಡಿಸಿದ್ದು. ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು ಹೇಳುವ ನಡಿಗೆಯೂ ಹೆಚ್ಚುಕಮ್ಮಿ ಅಷ್ಟೇ ದೂರ. ಕಲೆಯೂ ಆಯಿತು, ಸಕ್ಕರೆಯೂ ಇಳಿಯಿತು. ದೆಹಲಿಯ ಮೂರನೇ ಟರ್ಮಿನಲ್ಲಿನಲ್ಲಿ ವಲಸೆ ತಪಾಸಣೆಯ ಕೌಂಟರುಗಳ ಮೇಲೆ ದೊಡ್ಡ ದೊಡ್ಡ ಹಸ್ತಮುದ್ರೆಗಳು. ಯಾವ ಮುದ್ರೆಗೆ ಯಾವ ಅರ್ಥವೋ ಶಾಸ್ತ್ರ ತಿಳಿದವರು ಹೇಳಬೇಕು. ಹದಿನಾಲ್ಕು ಗಂಟೆ ಹಾರಿ ಬಂದು ಸಾಲಿನಲ್ಲಿ ನಿಂತವನಿಗೆ ಎಲ್ಲ ಕೈಗಳೂ 'ಸ್ವಲ್ಪ ತಾಳಪ್ಪ' ಎಂದೇ ಹೇಳುತ್ತವೆ.

ಅಮೆರಿಕದ ಡೆನ್ವರಿನಲ್ಲಿ 32 ಅಡಿ ಎತ್ತರದ ನೀಲಿ ಕುದುರೆಯಿದೆ. ಹಿಂಗಾಲ ಮೇಲೆ ನಿಂತು, ಕೆಂಡದಂಥ ಕಣ್ಣು ಬಿಟ್ಟಿದೆ; ರಾತ್ರಿ ಆ ಕಣ್ಣು ಉರಿಯುತ್ತದೆ. ಅದನ್ನು ರೂಪಿಸಿದ ಲೂಯಿಸ್ ಹಿಮೆನೆಸ್ 2006ರಲ್ಲಿ ಅದರದೇ ಒಂದು ಭಾಗ ಮೈಮೇಲೆ ಬಿದ್ದು ತೀರಿಕೊಂಡರು. 2008ರಲ್ಲಿ ಕುದುರೆಯನ್ನು ತಂದು ನಿಲ್ಲಿಸಿಯೇಬಿಟ್ಟರು. ಊರವರು ಅದಕ್ಕೆ ಸೈತಾನನ ಹೆಸರು ಸೇರಿಸಿ ಕರೆಯುತ್ತಾರೆ. ನಮ್ಮಲ್ಲಾಗಿದ್ದರೆ ಮೊದಲು ಶಾಂತಿ ಮಾಡಿಸಿ, ಕುದುರೆಯ ಕೊರಳಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಮೂರೇ ತಿಂಗಳಲ್ಲಿ ಕಾಣಿಕೆ ಹುಂಡಿಯನ್ನೂ ಇಟ್ಟು, ಹಾರುವ ಮೊದಲು ಪ್ರದಕ್ಷಿಣೆ ಬಂದರೆ ಒಳ್ಳೆಯದಂತೆ ಎಂದು ಸುದ್ದಿ ಹಬ್ಬಿಸಿಬಿಡುತ್ತಿದ್ದೆವು.

ಬ್ಯಾಂಕಾಕಿನ ಯಕ್ಷರ ಕೈಯ ಗದೆ ಎಂದಾಗ ಇನ್ನೊಂದು ನೆನಪಾಯಿತು. ಉಗುರು ಕತ್ತರಿಸುವ ಪುಟ್ಟ ಕತ್ತರಿ ಕೈಚೀಲದಲ್ಲಿ ಕಂಡರೂ ಹೊರಗೆ ತೆಗೆಸುವ ಜಾಗ ವಿಮಾನ ನಿಲ್ದಾಣ. ನಮ್ಮ ಸಂಸ್ಕೃತಿಯೋ ಆಯುಧವಿಲ್ಲದೆ ಹೆಜ್ಜೆಯಿಡುವುದಿಲ್ಲ. ವೀರಗಾಸೆಯವನ ಕೈಯಲ್ಲಿ ಕತ್ತಿ, ಯಕ್ಷಗಾನದ ಅರ್ಜುನನಿಗೆ ಬಿಲ್ಲು, ಕೊಡವರ ಸೊಂಟದಲ್ಲಿ ಪೀಚೆಕತ್ತಿ. ಚಿತ್ರವಾಗಿ ಬಂದರೆ ಸ್ವಾಗತ, ಆಸಾಮಿಯಾಗಿ ಬಂದರೆ ಪಕ್ಕಕ್ಕೆ ಬನ್ನಿ. ಊರು ಕಟ್ಟಿದ ಕೆಂಪೇಗೌಡರನ್ನೇ ನೋಡಿ. ರಾಮ್ ಸುತಾರರು ಮಾಡಿದ 108 ಅಡಿಯ ಕಂಚಿನ ವಿಗ್ರಹ; ಕೈಲಿರುವ ಖಡ್ಗವೇ ನಾಲ್ಕು ಟನ್ನು. ಅವರ ಹೆಸರಿನದೇ ನಿಲ್ದಾಣ. ಆದರೂ ಒಳಗೆ ಬಿಟ್ಟಿಲ್ಲ, ಹೊರಗೇ ನಿಲ್ಲಿಸಿದ್ದಾರೆ.

ಹೊರಗೆ ನಿಂತದ್ದೇ ಒಳ್ಳೆಯದಾಯಿತು ಎನ್ನಿ. ಟಿಕೇಟಿಲ್ಲದವನಿಗೆ ಟರ್ಮಿನಲ್ಲಿನ ಬಾಗಿಲಲ್ಲೇ ನಮಸ್ಕಾರ. ಒಬ್ಬನೇ ಮಗ ಎಂ.ಎಸ್. ಮಾಡಲು ಹೊರಟರೆ ಕಳಿಸಿಕೊಡಲು ಒಂದು ಟೆಂಪೋ ಟ್ರಾವೆಲರ್ ತುಂಬ ಜನ ಬರುತ್ತಾರೆ: ದೊಡ್ಡಪ್ಪ, ಸೋದರತ್ತೆ, ಮದುವೆಯಾಗದ ಭಾವಮೈದ, ಪಕ್ಕದ ಮನೆಯವರು, ಯಾರ ಕಡೆಯವರೆಂದು ಯಾರಿಗೂ ಗೊತ್ತಿಲ್ಲದ ಒಬ್ಬರು ಯಜಮಾನರು. ಬಿದರಿ, ಕಾವಿ, ತೊಗಲುಗೊಂಬೆ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲದ ಜನ ಇವರು. ಇವರಿಗೆ ಅದರ ದರ್ಶನವಿಲ್ಲ. ಇವರ ಪಾಲಿಗಿರುವುದು ಕೆಂಪೇಗೌಡರೊಬ್ಬರೇ. ವಿಗ್ರಹದ ಕಡೆ ಬೆನ್ನು ಮಾಡಿ ಸಾಲಾಗಿ ನಿಲ್ಲುತ್ತಾರೆ, "ಸ್ವಲ್ಪ ಬಗ್ಗಿ ತೆಗಿಯೋ, ತಲೆ ಬರಲಿ" ಎನ್ನುತ್ತಾರೆ. ಯಾರ ತಲೆ? ಕೆಂಪೇಗೌಡರದು ಬಂದರೆ ದೊಡ್ಡಪ್ಪನದು ಹೋಗುತ್ತದೆ.

ಇಷ್ಟು ಸಂಸ್ಕೃತಿಯನ್ನು ಗೋಡೆಗೆ ಹಚ್ಚಿದವರು ಚೀಲದೊಳಗಿನ ಸಂಸ್ಕೃತಿಯನ್ನು ನೋಡುವ ಬಗೆ ಬೇರೆ. ಕೊಬ್ಬರಿ ಬೆಂಕಿ ಹತ್ತುವ ಪದಾರ್ಥ, ವಿಮಾನದಲ್ಲಿ ನಿಷಿದ್ಧ. ತುಪ್ಪ ದ್ರವ. ವಿದೇಶಕ್ಕೆ ಹೊರಟವನ ಕೈಚೀಲದಲ್ಲಿ ದ್ರವವೇನಿದ್ದರೂ ನೂರು ಮಿಲಿಲೀಟರಿನ ಪುಟ್ಟ ಡಬ್ಬಿಗಳಲ್ಲಿರಬೇಕು. ಇದನ್ನು ಯಾರೂ ಅಜ್ಜಿಯಂದಿರಿಗೆ ಹೇಳಿರುವುದಿಲ್ಲ.

ಒಮ್ಮೆ ತಪಾಸಣೆಯ ಸಾಲಿನಲ್ಲಿ ನನ್ನ ಮುಂದೆ ಅಂಥ ಒಬ್ಬ ಅಜ್ಜಿ. ಸಾಗರದ ಕಡೆಯವರು, ಮಗಳ ಬಾಣಂತನಕ್ಕೆ ಹೊರಟವರು. ಚೀಲದಿಂದ ಹೊರಬಂದದ್ದು ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. ತಪಾಸಣೆಯವನು ವಿಜಯಪುರದ ಕಡೆಯ ಹುಡುಗನಿರಬೇಕು.

"ಅಜ್ಜಿ, ಇದು ಒಳಗ ಹೋಗಂಗಿಲ್ರಿ."

"ಯಾಕೆ ಮಾರಾಯ? ಹಾಳಾಗೂದಿಲ್ಲ. ಎರಡು ವರ್ಷ ಇಟ್ಟರೂ ಏನೂ ಆಗ್ತಿಲ್ಲೆ."

"ಹಾಳಾಗೂದಲ್ರಿ. ಒಳಗ ನೀರ್ ಐತಿ."

"ನೀರಲ್ಲದೋ, ಅದು ಅದರದ್ದೇ ರಸ."

ರಸ ಎಂದದ್ದೇ ತಡ ನನಗೆ ನಾಟ್ಯಶಾಸ್ತ್ರ ನೆನಪಾಯಿತು, ಆದರೆ ಹುಡುಗ ಕೇಳಲಿಲ್ಲ. ರೂಲ್ಸು ಅಂದರೆ ರೂಲ್ಸು. ಇಲ್ಲೇ ಬಿಡಬೇಕು ಎಂದ. ಅಜ್ಜಿ ಪಕ್ಕದ ಕಸದ ಡಬ್ಬಿಯನ್ನು ನೋಡಿದರು, ಭರಣಿಯನ್ನು ನೋಡಿದರು. "ನೀನಾದರೂ ತಗ" ಎಂದರು. ಡ್ಯೂಟಿ ಮೇಲೆ ತಿನ್ನುವಂತಿಲ್ಲ ಎಂದು ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಗಂಟಲು ಮಾತ್ರ ಒಮ್ಮೆ ಮೇಲಕ್ಕೂ ಕೆಳಕ್ಕೂ ಆಡಿತು. ಅಜ್ಜಿ ಒಂದು ಪಕ್ಕಕ್ಕೆ ಸರಿದು, ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, "ಕೈ ನೀಡಿ" ಎಂದು ಸಾಲಿನವರಿಗೆಲ್ಲ ಹಂಚಲು ಶುರುಮಾಡಿದರು. ಬೆಲ್ಟು ಬಿಚ್ಚಿ ಟ್ರೇಯಲ್ಲಿಟ್ಟು ಪ್ಯಾಂಟು ಹಿಡಿದು ನಿಂತಿದ್ದ ಸಾಫ್ಟ್‌ವೇರಿನವನು ಇನ್ನೊಂದು ಕೈ ನೀಡಿದ. ಇಬ್ಬರು ಜರ್ಮನರೋ ಫ್ರೆಂಚರೋ ನೀಡಿದರು, ಕಚ್ಚಿದರು, ಮುಖ ಕೆಂಪಾಯಿತು, ಮತ್ತೆ ನೀಡಿದರು. ನನಗೂ ಒಂದು ಬಂತು. ಜೀರಿಗೆಯ ಘಮದ ಮಿಡಿ, ಹಲ್ಲಿಗೆ ಸಿಕ್ಕಿದರೆ ಕಟುಮ್ಮೆನ್ನುವಂಥದ್ದು. ಭರಣಿ ಬರಿದಾಯಿತು, ಬರಿದಾದ ಭರಣಿಗೆ ಅಡ್ಡಿಯಿಲ್ಲವಂತೆ, ಟ್ರೇಯಲ್ಲಿ ಕೂತು ಯಂತ್ರದೊಳಗೆ ಹೋಯಿತು.

ಹಿಂದಿನಿಂದ ಯಾರೋ, "ಅಜ್ಜಿ, ಮೊಸರನ್ನ ಇದೆಯಾ?" ಎಂದು ಕೇಳಿದರು. ಇತ್ತು, ನನಗೆ ಗೊತ್ತು, ಚೀಲದ ತಳದಲ್ಲಿ ಸ್ಟೀಲಿನ ಡಬ್ಬಿ ಕಾಣುತ್ತಿತ್ತು. ನೂರು ಮಿಲಿಲೀಟರಿಗೆ ಮಿಕ್ಕಿತೆಂದೋ ಏನೋ, ಅಜ್ಜಿ ಕೇಳಿಸದವರ ಹಾಗೆ ಮುಂದೆ ನಡೆದರು.